ದೇಣಿಗೆಯನ್ನು ದಡಕ್ಕೆ ಗಂಟುಹಾಕಬೇಡಿ

ಮಾನ್ಯ ಸಂಪಾದಕರೇ,

ಆಸ್ಪತ್ರೆಗೋ ಶಾಲೆಗೋ ಅನಾಥ ಮಕ್ಕಳಿಗೋ ಹಣ ಕೂಡಿಸಲು ಇಂಥವರು ಇಷ್ಟು ಕಿಲೊಮೀಟರ್ ಕಡಲು ಈಜಿದರು, ಸರೋವರ ದಾಟಿದರು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಓದಿ ಸಂತೋಷವಾಗುತ್ತದೆ. ಆದರೆ ಇಂಥ ಈಜಿನ ಕರಪತ್ರಗಳಲ್ಲಿ ‘ಗುರಿ ಮುಟ್ಟಿದರೆ ಇಂತಿಷ್ಟು’, ‘ಪ್ರತಿ ಕಿಲೊಮೀಟರಿಗೆ ಇಂತಿಷ್ಟು’ ಎಂಬ ಒಂದು ಸಾಲು ಇರುವುದುಂಟು. ಬೆಂಗಾವಲು ದೋಣಿಯಲ್ಲಿ ಕೂತು ಈಜುಗಾರರನ್ನು ಕಾಯುವ ನಮ್ಮಂಥವರ ಎದೆ ಝಲ್ಲೆನ್ನುವುದು ಆ ಸಾಲಿಗೆ. ಅದನ್ನು ತೆಗೆದುಹಾಕಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇವೆ. ಕಾರಣ ಹೇಳಬೇಕಾದರೆ ನೀರಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ತಣ್ಣೀರಿನ ಈಜೊಂದರ ಐದನೆಯ ಗಂಟೆ ಎಂದಿಟ್ಟುಕೊಳ್ಳಿ. ಶುರುವಿನಲ್ಲಿ ನಿಮಿಷಕ್ಕೆ 66 ಸ್ಟ್ರೋಕ್ (ಕೈಬೀಸು) ಹಾಕುತ್ತಿದ್ದವರು ಈಗ 58ಕ್ಕೆ ಇಳಿದಿದ್ದಾರೆ, ಮುಂದಿನ ಎಣಿಕೆಗೆ 54. ನೀರಿಗಿಳಿಯುವ ಕೈಯ ಬೆರಳುಗಳು ಒಂದಕ್ಕೊಂದು ಕೂಡುತ್ತಿಲ್ಲ. ಕಿರುಬೆರಳು ಬೇರೆಯಾಗಿ ನಿಂತಿದೆ, ಅಂಗೈ ಪಂಜದಂತೆ ಸೆಟೆದಿದೆ. ಸೊಂಟ ಇಳಿದು ಕಾಲು ನೀರೊಳಗೆ ಜೋತುಬಿದ್ದಿದೆ. ಬಾಟಲಿ ಕೊಟ್ಟರೆ ಎರಡು ಸಲ ಕೈ ತಪ್ಪುತ್ತದೆ. ‘ಚಳಿ ಆಗ್ತಿದೆಯಾ?’ ಎಂದರೆ ‘ಇಲ್ಲ’. ‘ಮೇಲೆ ಬರ್ತೀರಾ?’ ಎಂದರೆ ಸಿಟ್ಟು. ‘ಇನ್ನು ನಾಲ್ಕೇ ಕಿಲೊಮೀಟರ್, ಎಲ್ಲರೂ ದುಡ್ಡು ಕೊಟ್ಟಿದ್ದಾರೆ’ ಎಂಬ ಮಾತು ನಾಲಿಗೆ ತೊದಲುತ್ತ ಹೊರಬರುತ್ತದೆ. ಹಟ ಎಂದು ಕಾಣುವ ಇದು ಅರ್ಧಕ್ಕರ್ಧ ಕಾಯಿಲೆ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಅದರಲ್ಲಿ ತಾನು ಸೋಲುತ್ತಿದ್ದೇನೆ ಎಂದು ಅರಿಯುವ ಬುದ್ಧಿಯೇ ಮಂಕಾಗುತ್ತದೆ. ಆದ್ದರಿಂದ ಈಜು ನಿಲ್ಲಿಸಬೇಕೋ ಬೇಡವೋ ಎಂದು ಈಜುವವರನ್ನೇ ಕೇಳುವುದು ತಪ್ಪು. ಆ ಮಂಕು ಬುದ್ಧಿಯ ಮೇಲೆ ಸಾವಿರ ಜನರ ಹಣದ ಭಾರವನ್ನೂ ಹೇರುವುದು ಇನ್ನೂ ದೊಡ್ಡ ತಪ್ಪು.

ನೀರು ದೇಹದ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಆದರೆ ತಣ್ಣೀರಿನ ಮೊದಲ ಅಪಾಯ ಹೈಪೊಥರ್ಮಿಯಾ ಅಲ್ಲ. ಇಳಿದ ಮೊದಲ ಒಂದೆರಡು ನಿಮಿಷದಲ್ಲೇ ಚರ್ಮಕ್ಕೆ ತಗಲುವ ಆಘಾತದಿಂದ ತಾನಾಗಿ ಏದುಸಿರು ಬರುತ್ತದೆ. ಬಾಯಿ ನೀರೊಳಗಿದ್ದಾಗ ಆ ಉಸಿರು ಒಳಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಅದಕ್ಕೇ ತಣ್ಣೀರಿಗೆ ಧುಮುಕಬಾರದು, ನಡೆದು ಇಳಿಯಬೇಕು, ಮುಖಕ್ಕೂ ಕುತ್ತಿಗೆಗೂ ನೀರು ಎರಚಿಕೊಳ್ಳಬೇಕು, ಉಸಿರು ಹದಕ್ಕೆ ಬರುವತನಕ ಈಜು ಶುರುಮಾಡಬಾರದು. ಈ ಆಘಾತವನ್ನು ಅಭ್ಯಾಸದಿಂದ ತಗ್ಗಿಸಬಹುದು. ಬೇರೆ ಬೇರೆ ದಿನ, ಮೂರು ಮೂರು ನಿಮಿಷದಂತೆ, ಐದಾರು ಸಲ ತಣ್ಣೀರಿನಲ್ಲಿ ನಿಂತರೂ ಸಾಕು, ಅದರ ತೀವ್ರತೆ ಅರ್ಧದಷ್ಟಕ್ಕೆ ಇಳಿಯುತ್ತದೆ. ಆಮೇಲಿನದು ಕೈಕಾಲಿನ ಸೋಲು. ಸ್ನಾಯು ಮತ್ತು ನರ ತಣ್ಣಗಾಗಿ ಹಿಡಿತ ತಪ್ಪುತ್ತದೆ. ಒಳಗಿನ ಶಾಖ ಇಳಿಯುವುದು ಮೂರನೆಯದು. ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ನೀರಿನಿಂದ ಎತ್ತುವ ಹೊತ್ತಿಗೆ ಆಗುವ ಕುಸಿತ. ನೀರಿನ ಒತ್ತಡ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳಿ ಹಿಡಿದಿರುತ್ತದೆ. ಮನುಷ್ಯನನ್ನು ನೆಟ್ಟಗೆ ಎಳೆದರೆ ಆ ಆಸರೆ ತಪ್ಪಿ ರಕ್ತದೊತ್ತಡ ಒಮ್ಮೆಲೇ ಬೀಳುತ್ತದೆ. ಬಹಳ ಹೊತ್ತು ತಣ್ಣೀರಿನಲ್ಲಿದ್ದವರನ್ನು ಆದಷ್ಟೂ ಮಲಗಿಸಿದ ಭಂಗಿಯಲ್ಲೇ ಎತ್ತಬೇಕು.

ಬೆಚ್ಚನೆಯ ನೀರಾದರೆ ಭಯವಿಲ್ಲ ಎಂಬ ನಂಬಿಕೆಯೂ ಪೂರ್ತಿ ಸುಳ್ಳು. ನೀರಿನಲ್ಲಿ ಬೆವರು ಆರುವುದಿಲ್ಲ. ದುಡಿಯುವ ಸ್ನಾಯುಗಳ ಶಾಖ ಹೊರಹೋಗಲು ಸುತ್ತಲಿನ ನೀರೇ ದಾರಿ, ಅದೇ ಬಿಸಿಯಾಗಿದ್ದರೆ ಶಾಖ ಒಳಗೇ ಉಳಿಯುತ್ತದೆ. 2010ರ ಅಕ್ಟೋಬರಿನಲ್ಲಿ ಯುಎಇಯ ಫುಜೈರಾದಲ್ಲಿ ನಡೆದ 10 ಕಿ.ಮೀ. ಸ್ಪರ್ಧೆಯ ಬಿಸಿನೀರಿನಲ್ಲಿ ಅಮೆರಿಕದ ಫ್ರಾನ್ ಕ್ರಿಪೆನ್ ಎಂಬ 26 ವರ್ಷದ ನುರಿತ ಈಜುಪಟು ಗುರಿಯ ಹತ್ತಿರವೇ ತೀರಿಕೊಂಡರು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈಗ ನೀರು 16 ಡಿಗ್ರಿಗಿಂತ ಕಡಿಮೆ ಇರಕೂಡದು, 31ಕ್ಕಿಂತ ಹೆಚ್ಚೂ ಇರಕೂಡದು. ವರ್ಷವಿಡೀ ತರಬೇತಿ ಪಡೆಯುವವರಿಗೇ ಈ ಕಟ್ಟು ಇದ್ದ ಮೇಲೆ, ಸೇವೆಯ ಹುಮ್ಮಸ್ಸಿನಲ್ಲಿ ಆರು ತಿಂಗಳು ಅಭ್ಯಾಸ ಮಾಡಿ ಬಂದವರಿಗೆ ಅದಕ್ಕಿಂತ ಬಿಗಿಯಾದ ಕಟ್ಟು ಇರಬೇಕು. 28 ಡಿಗ್ರಿ ದಾಟಿದರೆ ಮೈ ಬೆಚ್ಚಗಿಡುವ ರಬ್ಬರಿನ ವೆಟ್‌ಸೂಟ್ ಬೇಡವೇ ಬೇಡ. ಪಾನೀಯ ತಂಪಾಗಿರಲಿ, ಈಜು ನಸುಕಿನಲ್ಲೇ ಶುರುವಾಗಲಿ. ಚಳಿಯಲ್ಲಿ ನಡುಕ ಎಚ್ಚರಿಕೆ ಕೊಡುತ್ತದೆ, ಬಿಸಿಯಲ್ಲಿ ಅಂಥ ಎಚ್ಚರಿಕೆ ತಡವಾಗಿ ಬರುತ್ತದೆ. ಈಜುವವರು ನೇರ ಸಾಲು ಬಿಟ್ಟು ಅಡ್ಡಾದಿಡ್ಡಿ ಹೋಗತೊಡಗಿದರೆ ಕೂಡಲೇ ನಿಲ್ಲಿಸಬೇಕು.

ಹಾಗಾದರೆ ನಿಲ್ಲಿಸುವವರು ಯಾರು? ಹಿಂದಿನ ದಿನವೇ ಬರೆದು ಸಹಿ ಹಾಕಿಕೊಳ್ಳಬೇಕು: ದೋಣಿಯ ನಾವಿಕ, ವೀಕ್ಷಕ, ಇವರಿಬ್ಬರಲ್ಲಿ ಯಾರೊಬ್ಬರು ‘ಸಾಕು’ ಎಂದರೂ ಈಜು ಮುಗಿಯಿತು, ವಾದವಿಲ್ಲ. ಮನೆಯವರು, ಗೆಳೆಯರು, ಹಣ ಎತ್ತುವ ಸಂಸ್ಥೆಯವರು ದೋಣಿಯಲ್ಲಿದ್ದರೂ ಅವರಿಗೆ ಈ ಅಧಿಕಾರ ಬೇಡ, ಇದನ್ನು ತಡೆಯುವ ಅಧಿಕಾರವಂತೂ ಬೇಡವೇ ಬೇಡ. ವೀಕ್ಷಕರು ಅರ್ಧ ಗಂಟೆಗೊಮ್ಮೆ 30 ಸೆಕೆಂಡು ಸ್ಟ್ರೋಕ್ ಎಣಿಸಿ, ಎರಡರಿಂದ ಗುಣಿಸಿ, ನೀರಿನ ಉಷ್ಣಾಂಶದ ಜತೆ ಪುಸ್ತಕದಲ್ಲಿ ಬರೆಯಬೇಕು. ಮೊದಲ ಗಂಟೆಯ ಸರಾಸರಿಗಿಂತ ಹತ್ತು ಕಡಿಮೆಯಾದದ್ದು ಎರಡು ಎಣಿಕೆಯಲ್ಲಿ ಸತತವಾಗಿ ಕಂಡರೆ ಪ್ರಶ್ನೆ ಕೇಳಬೇಕು. ಪ್ರಶ್ನೆಯೂ ಮೊದಲೇ ಗೊತ್ತುಮಾಡಿದ್ದಾಗಿರಲಿ: ತಮ್ಮ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ, ಸಾಕುನಾಯಿಯ ಹೆಸರು, ಇಂಥದ್ದೇನಾದರೂ. ‘ಹೇಗಿದ್ದೀರಿ?’ ಎಂದು ಕೇಳಬೇಡಿ, ಪ್ರಜ್ಞೆ ಅರ್ಧ ಹೋದವರೂ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಉತ್ತರ ತಪ್ಪಿದರೆ, ತಡವಾದರೆ, ಮೇಲೆತ್ತಿ. ಇನ್ನೊಂದು ಲಕ್ಷಣಕ್ಕೆ ಪ್ರಶ್ನೆಯೂ ಬೇಕಿಲ್ಲ: ವಿಪರೀತ ಏದುಸಿರು, ನಿಲ್ಲದ ಕೆಮ್ಮು, ನಸುಗೆಂಪು ನೊರೆ. ಅದು ಈಜಿನ ಶ್ರಮಕ್ಕೆ ಶ್ವಾಸಕೋಶದಲ್ಲೇ ದ್ರವ ತುಂಬುವ ಸ್ಥಿತಿ. ಕುಡಿದ ನೀರು ಎಂದು ತಪ್ಪು ತಿಳಿದು ಮುಂದಕ್ಕೆ ಕಳಿಸಿದರೆ ಪ್ರಾಣಕ್ಕೇ ಬರುತ್ತದೆ. ಹೊರತೆಗೆದು, ಮಲಗಿಸದೆ ಕೂರಿಸಿ, ವೈದ್ಯರ ಬಳಿಗೆ ಒಯ್ಯಬೇಕು.

ನಿಲ್ಲಿಸಿದ ಈಜು ಸೋತ ಈಜಲ್ಲ ಎಂಬುದಕ್ಕೆ ದಾಖಲೆಯೇ ಇದೆ. ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಏಷ್ಯಾದ ಮೊದಲ ಮಹಿಳೆ ಆರತಿ ಸಾಹಾ ಅವರ ಮೊದಲ ಪ್ರಯತ್ನ 1959ರ ಆಗಸ್ಟಿನಲ್ಲಿ ನಡೆಯಿತು. ಎದುರು ಸೆಳೆತ ಮುಂದೆ ಬಿಡಲಿಲ್ಲ, ನಾವಿಕ ಒತ್ತಾಯಿಸಿದ ಮೇಲೆ ಅವರು ಈಜು ಬಿಟ್ಟರು. ಸೆಪ್ಟೆಂಬರ್ 29ರಂದು ಮತ್ತೆ ಇಳಿದು ದಾಟಿದರು. ಆ ನಾವಿಕ ಅಂದು ಸುಮ್ಮನಿದ್ದಿದ್ದರೆ ಎರಡನೆಯ ಪ್ರಯತ್ನ ಇರುತ್ತಿತ್ತೋ ಇಲ್ಲವೋ.

ಕಿಲೊಮೀಟರಿಗೆ ಇಷ್ಟು ಎಂಬ ಲೆಕ್ಕಕ್ಕೆ ಇನ್ನೊಂದು ತೊಡಕೂ ಇದೆ. ಯಾವ ಕಿಲೊಮೀಟರ್? ಅದೇ ಕಡಲ್ಗಾಲುವೆ ಅತಿ ಕಿರಿದಾದ ಕಡೆ ಸುಮಾರು 33 ಕಿ.ಮೀ. ಅಗಲ. 1875ರಲ್ಲಿ ಅದನ್ನು ಮೊದಲು ಈಜಿದ ಮ್ಯಾಥ್ಯೂ ವೆಬ್ ಹೆಚ್ಚುಕಡಿಮೆ 22 ಗಂಟೆ ತೆಗೆದುಕೊಂಡರು. ಉಬ್ಬರ ಇಳಿತಗಳು ಅತ್ತಿತ್ತ ಎಳೆದದ್ದರಿಂದ ಅವರು ಸಾಗಿದ ದಾರಿ ಸುಮಾರು 64 ಕಿ.ಮೀ. ಆಯಿತು. ದಡದ ಹತ್ತಿರ ಬಂದ ಮೇಲೂ ಐದು ಗಂಟೆ ಸೆಳೆತ ಅವರನ್ನು ದಡ ಮುಟ್ಟಗೊಡಲಿಲ್ಲ. ಕಡಲಿನಲ್ಲಿ ದೂರ ಎಂಬುದು ಈಜುಗಾರನ ಕೈಯಲ್ಲಿ ಅರ್ಧ ಮಾತ್ರ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರದ ಸೆಳೆತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ತಗ್ಗು. ಅಡ್ಡ ದಾಟುವ ಈಜಿಗೆ ದಿನ ಗೊತ್ತುಮಾಡುವಾಗ ನೋಡಬೇಕಾದ ಮೊದಲ ಸಂಗತಿ ಇದು. ಅತಿಥಿಗಳು ಬಿಡುವಾಗಿರುವ ಭಾನುವಾರ ಯಾವುದು ಎಂಬುದು ಆಮೇಲಿನ ಮಾತು. ಗಾಳಿ ಒಂದು ಕಡೆಯಿಂದ, ಸೆಳೆತ ಎದುರು ಕಡೆಯಿಂದ ಬಂದರೆ ಅಲೆ ಗಿಡ್ಡವಾಗಿ, ಒತ್ತೊತ್ತಾಗಿ, ಕಡಿದಾಗಿ ಏಳುತ್ತದೆ. ಹವಾಮಾನ ವರದಿಯಲ್ಲಿ ಗಾಳಿಯ ವೇಗ ಸಾಧಾರಣ ಎಂದಿದ್ದರೂ ಈಜುವವರ ಬಾಯಿಗೆ ಪ್ರತಿ ಉಸಿರಿಗೂ ನೀರು ಬೀಳುವುದು ಇದರಿಂದ. ದಿನವನ್ನು ಮುಂದೂಡಲು ಒಂದು ವಾರದ ಅವಕಾಶ ಇಟ್ಟುಕೊಳ್ಳದ ಆಯೋಜಕರು ಇಂಥ ನೀರಿಗೂ ಜನರನ್ನು ಇಳಿಸಿಬಿಡುತ್ತಾರೆ.

ಇನ್ನು ಆಹಾರ. ಮೂರು ಗಂಟೆಗಿಂತ ದೀರ್ಘವಾದ ಈಜು ಕೆಡುವುದು ತೋಳಿನ ಬಲ ಸಾಲದೆ ಅಂತ ಜನ ತಿಳಿಯುತ್ತಾರೆ. ಹೊಟ್ಟೆ ಕೆಟ್ಟು ಈಜು ನಿಂತದ್ದೇ ನಾವು ಹೆಚ್ಚು ನೋಡಿರುವುದು. ಗಂಟೆಗೆ ಸುಮಾರು 60 ಗ್ರಾಂ ಕಾರ್ಬೊಹೈಡ್ರೇಟ್ ಸಾಕಾಗುತ್ತದೆ. ಅರ್ಧ ಗಂಟೆಗೊಂದು ಫೀಡ್ (ದೋಣಿಯಿಂದ ಕೊಡುವ ಪಾನೀಯ) ಎಂದರೆ 30 ಗ್ರಾಂ ಗ್ಲೂಕೋಸ್ ಬಗೆಯ ಮಾಲ್ಟೊಡೆಕ್ಸ್‌ಟ್ರಿನ್ ಪುಡಿ, 300 ಮಿಲಿಲೀಟರ್ ನೀರು, ಒಂದು ಚಿಟಿಕೆ ಉಪ್ಪು. ಗಂಟೆಗೆ 60 ಗ್ರಾಂ ದಾಟಿಸಬೇಕೆಂದಿದ್ದರೆ ಗ್ಲೂಕೋಸ್ ಬಗೆಯದು ಎರಡು ಪಾಲು, ಫ್ರಕ್ಟೋಸ್ (ಹಣ್ಣಿನ ಸಕ್ಕರೆ) ಒಂದು ಪಾಲು ಬೆರೆಸಬೇಕು. ಕರುಳು ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ, ಒಂದೇ ದಾರಿಗೆ ಎಲ್ಲವನ್ನೂ ತುರುಕಿದರೆ ಉಳಿದದ್ದು ಹೊಟ್ಟೆಯಲ್ಲೇ ಕೂರುತ್ತದೆ. ಶಕ್ತಿ ಬರಲಿ ಎಂದು ಪುಡಿಯನ್ನು ದುಪ್ಪಟ್ಟು ಹಾಕುವುದು ಹೊಸಬರು ಮಾಡುವ ತಪ್ಪು. ಗಟ್ಟಿ ದ್ರಾವಣ ಹೊಟ್ಟೆಯಿಂದ ಮುಂದೆ ಸರಿಯುವುದು ಬಹಳ ನಿಧಾನ. ಮೇಲೆ ನುಂಗಿದ ಉಪ್ಪುನೀರು, ದೋಣಿಯ ಡೀಸೆಲ್ ಹೊಗೆ, ಅಲೆಯ ತೂಗಾಟ ಸೇರಿ ವಾಂತಿಯಾಗುತ್ತದೆ. ವಾಂತಿಯಾದರೆ ಮುಂದಿನ ಫೀಡಿಗೆ ಬರೀ ಉಗುರುಬೆಚ್ಚಗಿನ ನೀರು, ಅದರ ಮುಂದಿನದಕ್ಕೆ ಅರ್ಧ ಪುಡಿ, ಆಮೇಲೆ ಮೊದಲಿನ ಹದ. ಬಾಯಾರಿಕೆ ಎಂದು ಗಂಟೆಗಟ್ಟಲೆ ಬರೀ ನೀರೇ ಕುಡಿಸುವುದೂ ಸಲ್ಲ. ರಕ್ತದ ಸೋಡಿಯಂ ಇಳಿದು ತಲೆನೋವು, ಗೊಂದಲ ಶುರುವಾಗುತ್ತದೆ. ಅದು ನೋಡುವವರಿಗೆ ಹೈಪೊಥರ್ಮಿಯಾದ ಹಾಗೆಯೇ ಕಾಣುತ್ತದೆ.

ಫೀಡ್ ಕೊಡುವ ರೀತಿಯೂ ಒಂದು ಕಸುಬು. ಬಾಟಲಿ ಅಗಲ ಬಾಯಿಯದಾಗಿರಲಿ, ಸೆಟೆದ ಬೆರಳಿಗೆ ತಿರುಗಿಸುವ ಮುಚ್ಚಳ ತೆಗೆಯಲಾಗದು. ಹಗ್ಗ ಐದಾರು ಮೀಟರಿನದು, ಪಾಲಿಪ್ರೊಪಿಲೀನ್ ಆಗಿರಬೇಕು, ಅದು ತೇಲುತ್ತದೆ. ನೈಲಾನ್ ಹಗ್ಗ ಮುಳುಗಿ ದೋಣಿಯ ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಎಂಜಿನ್ ನ್ಯೂಟ್ರಲ್ ಆಗಿದೆ ಎಂದು ನಾವಿಕ ಬಾಯಿಬಿಟ್ಟು ಹೇಳಿದ ಮೇಲೆಯೇ ಬಾಟಲಿ ಎಸೆಯಬೇಕು. ತಣ್ಣೀರಿನಲ್ಲಿ ಪಾನೀಯ ಬೆಚ್ಚಗಿರಬೇಕು. ದುಪ್ಪಟ್ಟು ಗಟ್ಟಿಯಾಗಿ ಕಲಸಿಟ್ಟುಕೊಂಡು, ಕೊಡುವ ಹೊತ್ತಿಗೆ ಥರ್ಮಾಸಿನ ಬಿಸಿನೀರನ್ನು ಅಷ್ಟೇ ಅಳತೆ ಬೆರೆಸಿ, ಮಣಿಕಟ್ಟಿನ ಒಳಬದಿಗೆ ಹನಿಸಿ ನೋಡಿ. ಈಜುವವರು ಬೆನ್ನಮೇಲೆ ಮಲಗಿ, ಕಾಲಾಡಿಸುತ್ತಲೇ ಕುಡಿದು, ಬಾಟಲಿ ಬಿಟ್ಟು ಹೊರಡಬೇಕು. ದೋಣಿಯನ್ನು ಮುಟ್ಟುವಂತಿಲ್ಲ, ಹಗ್ಗವನ್ನು ಜಗ್ಗುವಂತಿಲ್ಲ. ಇದಕ್ಕೆ 30 ಸೆಕೆಂಡು ಸಾಕು. ಮಾತಿಗೆ ನಿಂತರೆ ಎರಡು ನಿಮಿಷ. ಹನ್ನೆರಡು ಗಂಟೆಯ ಈಜಿನಲ್ಲಿ 23 ಫೀಡ್ ಆಗುತ್ತವೆ, ಒಂದೊಂದಕ್ಕೂ ಒಂದೂವರೆ ನಿಮಿಷ ಹೆಚ್ಚಾದರೆ ಒಟ್ಟು 34.5 ನಿಮಿಷ. ಗಂಟೆಗೆ 3 ಕಿ.ಮೀ. ವೇಗದವರಿಗೆ ಅದು 1.7 ಕಿ.ಮೀ. ನಷ್ಟ. ಎರಡು ನಾಟ್ (ಗಂಟೆಗೆ ಸುಮಾರು 3.7 ಕಿ.ಮೀ.) ಸೆಳೆತವಿದ್ದರೆ ನಿಂತ ಎರಡೇ ನಿಮಿಷದಲ್ಲಿ ನೀರು 120 ಮೀಟರ್ ಒಯ್ದಿರುತ್ತದೆ. ನಿಂತಷ್ಟೂ ಮೈ ತಣ್ಣಗಾಗುವುದು ಬೇರೆ. ದೇಣಿಗೆ ಎಷ್ಟಾಯಿತು ಎಂದು ಫೀಡ್ ಹೊತ್ತಿನಲ್ಲಿ ಕೂಗಿ ಹೇಳುವ ಅಭ್ಯಾಸ ಕೆಲವು ದೋಣಿಗಳಲ್ಲಿದೆ. ದಯವಿಟ್ಟು ಬೇಡ. ಸಣ್ಣ ಬಿಳಿಹಲಗೆಯ ಮೇಲೆ ಬರೆದು ತೋರಿಸುವುದಾದರೂ ಹಣದ ಅಂಕಿ ಬೇಡ, ಎಷ್ಟು ದೂರ ಉಳಿದಿದೆ ಎಂಬುದೂ ಕೇಳಿದರೆ ಮಾತ್ರ.

ಅಭ್ಯಾಸದ ಬಗ್ಗೆ ಬರೆಯುವವರು ಬಹಳ ಜನ ಇರುವುದರಿಂದ ಇಲ್ಲಿ ಎರಡೇ ಮಾತು. ಸತತ ಮೂರು ದಿನ ಸೇರಿ ಎಷ್ಟು ದೂರ ಈಜಬಲ್ಲಿರೋ ಅಷ್ಟನ್ನು ಒಂದೇ ದಿನ ಈಜಬಹುದು ಎಂಬ ಹಳೆಯ ಲೆಕ್ಕ ಸ್ಥೂಲವಾಗಿ ಸರಿ. ವಾರದಿಂದ ವಾರಕ್ಕೆ ಹತ್ತನೇ ಒಂದು ಪಾಲಿಗಿಂತ ಹೆಚ್ಚಿಸಬೇಡಿ. ಭುಜ ನೋವು ಬರುವುದು ಹೆಚ್ಚಾಗಿ ಕೈ ತಲೆಯ ಮುಂದೆ ನಡುಗೆರೆ ದಾಟಿ ಇಳಿಯುವುದರಿಂದ ಮತ್ತು ಒಂದೇ ಬದಿಗೆ ಉಸಿರೆಳೆಯುವುದರಿಂದ. ಎರಡನೆಯ ಮಾತು ದಿಕ್ಕಿನದು. ಕೊಳದ ತಳದಲ್ಲಿ ಗೆರೆ ಇರುತ್ತದೆ, ಕಡಲಿನಲ್ಲಿ ಇಲ್ಲ. ಎಂಟು ಹತ್ತು ಸ್ಟ್ರೋಕಿಗೊಮ್ಮೆ ಮೊಸಳೆಯ ಹಾಗೆ ಕಣ್ಣಷ್ಟೇ ಮೇಲಕ್ಕೆತ್ತಿ ನೋಡಬೇಕು. ತಲೆ ಪೂರ್ತಿ ಎತ್ತಿದರೆ ಸೊಂಟ ಮುಳುಗುತ್ತದೆ, ದಿನದ ಕೊನೆಗೆ ಕುತ್ತಿಗೆ ಹಿಡಿದುಕೊಳ್ಳುತ್ತದೆ. ನೀರಿನ ಮೇಲಿನ ಸಣ್ಣ ತೇಲುಗುರುತು ಅಲೆಯಲ್ಲಿ ಕಾಣದು, ಅದರ ಹಿಂದಿನ ಗುಡ್ಡವೋ ಗೋಪುರವೋ ಗುರಿಯಾಗಿರಲಿ.

ಮೈಗೆ ಹಚ್ಚುವ ಗ್ರೀಸು ಚಳಿ ತಡೆಯುತ್ತದೆ ಎಂಬ ಮಾತನ್ನು ನಂಬಬೇಡಿ. ಅದು ಉಜ್ಜುಗಾಯಕ್ಕೆ ಮಾತ್ರ. ಲ್ಯಾನೊಲಿನ್ (ಕುರಿಯ ಉಣ್ಣೆಯ ಜಿಡ್ಡು) ಮತ್ತು ಪೆಟ್ರೋಲಿಯಂ ಜೆಲ್ಲಿ ಬೆರೆಸಿ ಕುತ್ತಿಗೆ, ಕಂಕುಳು, ತೊಡೆಯ ಒಳಬದಿ, ಉಡುಪಿನ ಪಟ್ಟಿ ತಗಲುವ ಕಡೆ ದಪ್ಪಗೆ ಹಚ್ಚಬೇಕು. ಉಪ್ಪುನೀರಿನಲ್ಲಿ ಗಡ್ಡದ ಕೂಳೆಯೇ ಸಾವಿರಾರು ಸಲ ಭುಜಕ್ಕೆ ಉಜ್ಜಿ ರಕ್ತ ಬರಿಸುತ್ತದೆ. ಹಚ್ಚುವವರು ಕೈಗವಸು ಹಾಕಿಕೊಂಡಿರಲಿ, ಆ ಜಿಡ್ಡು ಗಾಗಲ್ಸಿಗೆ ತಗಲಿದರೆ ದಿನವೆಲ್ಲ ಮಂಜು. ಸನ್‌ಸ್ಕ್ರೀನ್ ಮೊದಲು ಹಚ್ಚಿ ಒಣಗಬೇಕು, ಗ್ರೀಸು ಆಮೇಲೆ. ಲೋಳೆಮೀನು ಕುಟುಕಿದರೆ ಅಂಟಿದ ಎಳೆಯನ್ನು ಚಿಮಟದಿಂದ ತೆಗೆದು ಕಡಲ ನೀರಿನಲ್ಲೇ ತೊಳೆಯಿರಿ. ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ಉಳಿದ ವಿಷಕೋಶ ಅದರಿಂದ ಸಿಡಿಯುತ್ತದೆ. ಉಸಿರಾಟ ಬಿಗಿದರೆ ಈಜು ಅಲ್ಲಿಗೇ ನಿಲ್ಲಲಿ. ಸಿಹಿನೀರಿನ ಈಜಾದರೆ ಜೋರು ಮಳೆ ಬಂದ ಮರುದಿನ ಇಳಿಯಬೇಡಿ, ಚರಂಡಿಯೂ ಹೊಲಗದ್ದೆಯ ಗೊಬ್ಬರವೂ ಹರಿದು ಸೇರಿರುತ್ತದೆ. ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಟ್ಟಿದ್ದರೆ ಎಷ್ಟೇ ಹಣ ಕೂಡಿದ್ದರೂ ಈಜು ರದ್ದಾಗಬೇಕು.

ನೂರಿನ್ನೂರು ಜನ ಒಟ್ಟಿಗೆ ಇಳಿಯುವ ಈಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಎಣಿಕೆ. ಇಳಿದವರೆಷ್ಟು, ಹತ್ತಿದವರೆಷ್ಟು, ನಡುವೆ ದೋಣಿಗೆ ಬಂದವರೆಷ್ಟು, ಈ ಮೂರು ಒಂದಕ್ಕೊಂದು ತಾಳೆಯಾಗುವತನಕ ಕಾವಲಿನ ಯಾವ ಕಯಾಕೂ (ಹುಟ್ಟು ಹಾಕುವ ಕಿರುದೋಣಿ) ನೀರು ಬಿಡಬಾರದು. ಅಳಿಸದ ಶಾಯಿಯಲ್ಲಿ ಎರಡೂ ತೋಳಿಗೆ ಸಂಖ್ಯೆ ಬರೆಯಬೇಕು. ಹೆಸರು ನೋಂದಾಯಿಸಿ ಬಾರದೇ ಹೋದವರನ್ನು ಇಳಿಯುವ ಮೊದಲೇ ಪಟ್ಟಿಯಿಂದ ಹೊಡೆದುಹಾಕಬೇಕು. ಇಲ್ಲದಿದ್ದರೆ ಮನೆಯಲ್ಲಿ ಮಲಗಿರುವವರನ್ನು ನೀರಿನಲ್ಲಿ ಹುಡುಕುತ್ತ, ನೀರಿನಲ್ಲಿರುವವರನ್ನು ಮರೆಯುವ ಪ್ರಸಂಗ ಬರುತ್ತದೆ. ಇಪ್ಪತ್ತು ಜನಕ್ಕೆ ಒಂದು ಕಯಾಕ್ ಆದರೂ ಬೇಕು, ಅದರಲ್ಲಿ ಕೂರುವವರಿಗೆ ಎತ್ತುವುದು ಗೊತ್ತಿರಬೇಕು. ಹಸಿರು, ನೀಲಿ ಟೋಪಿ ಬೇಡ, ಕಿತ್ತಳೆ ಅಥವಾ ಕಣ್ಣು ಕುಕ್ಕುವ ಗುಲಾಬಿ ಇರಲಿ. ಕತ್ತಲಲ್ಲಿ ಈಜುವವರ ಗಾಗಲ್ಸಿನ ಪಟ್ಟಿಗೊಂದು, ಸೊಂಟದ ಹಿಂದೊಂದು ಮಿನುಗುದೀಪ ಕಟ್ಟಿರಬೇಕು.

ದಡ ಮುಟ್ಟಿದವರ ಕೊರಳಿಗೆ ಹಾರ ಹಾಕಿ ಫೋಟೊಕ್ಕೆ ನಿಲ್ಲಿಸುವುದನ್ನು ಅರ್ಧ ಗಂಟೆ ತಡೆಯಿರಿ. ಹೊರಬಂದ ಮೇಲೂ ಹತ್ತರಿಂದ ಮೂವತ್ತು ನಿಮಿಷ ಒಳಗಿನ ಶಾಖ ಇಳಿಯುತ್ತಲೇ ಇರುತ್ತದೆ. ನಗುತ್ತ ಬಂದವರು ಹದಿನೈದನೆಯ ನಿಮಿಷಕ್ಕೆ ಕುಸಿಯುವುದು ಇದರಿಂದ. ಒದ್ದೆ ಉಡುಪು ತೆಗೆಸಿ, ಒತ್ತಿ ಒರೆಸಿ, ಮೊದಲು ಎದೆಗೆ, ತಲೆಗೆ, ಆಮೇಲೆ ಕಾಲಿಗೆ ಒಣಬಟ್ಟೆ ಪದರ ಪದರವಾಗಿ ತೊಡಿಸಿ. ಕೈಕಾಲು ತಿಕ್ಕಬೇಡಿ. ಬಿಸಿನೀರಿನ ಸ್ನಾನ ಬೇಡ, ಚರ್ಮದ ರಕ್ತನಾಳ ಹಿಗ್ಗಿ ಒತ್ತಡ ಬೀಳುತ್ತದೆ. ಲೋಟವನ್ನು ತಾವೇ ಹಿಡಿಯುವಷ್ಟು ಚೇತರಿಸಿದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಿ. ನಡುಕ ನಿಲ್ಲುವತನಕ ಒಂಟಿಯಾಗಿ ಬಿಡಬಾರದು, ಅವರು ಗಾಡಿ ಓಡಿಸಲೂಬಾರದು.

ಈಗ ಮತ್ತೆ ಹಣದ ಮಾತಿಗೆ. ದೋಣಿ, ಡೀಸೆಲ್, ವಿಮೆ, ವೈದ್ಯರು, ಇವೆಲ್ಲಕ್ಕೂ ಖರ್ಚಿದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕೂಡಿದ ನೂರರಲ್ಲಿ ಎಷ್ಟು ಈಜಿನ ಖರ್ಚಿಗೆ, ಎಷ್ಟು ಸೇವೆಗೆ ಎಂದು ಮೊದಲೇ ಅಚ್ಚುಹಾಕಿ. ಈಜಿನ ಖರ್ಚಿಗೆ ಬೇರೆ ಪ್ರಾಯೋಜಕರು ಸಿಕ್ಕಿದರೆ ಇನ್ನೂ ಒಳ್ಳೆಯದು. ಆದರೆ ಸುರಕ್ಷತೆಯ ಬಾಬ್ತಿನಲ್ಲಿ ಉಳಿಸಿ ದೇಣಿಗೆಗೆ ಸೇರಿಸಬೇಡಿ. ದೇಣಿಗೆ ಈಜಿಗೆ ಮೊದಲೇ ಸಂದಾಯವಾಗಿ ಸಂಸ್ಥೆಯ ಖಾತೆಯಲ್ಲಿರಲಿ. ಆಗ ನೀರಿನಲ್ಲಿರುವವರು ಗಳಿಸಬೇಕಾದದ್ದು ಏನೂ ಉಳಿದಿರುವುದಿಲ್ಲ. ಲೆಕ್ಕಕ್ಕೆ ಅಳತೆಯೊಂದು ಬೇಕೇಬೇಕು ಎನ್ನುವವರು ಅಭ್ಯಾಸದ ತಿಂಗಳುಗಳಲ್ಲಿ ಈಜಿದ ಒಟ್ಟು ದೂರಕ್ಕೆ ಕೊಡಲಿ, ಅದು ಹೇಗೂ ಆ ದಿನದ ದೂರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸುದ್ದಿ ಬರೆಯುವವರಲ್ಲೂ ಒಂದು ಕೋರಿಕೆ: ‘ಅರ್ಧಕ್ಕೇ ಕೈಬಿಟ್ಟರು’ ಎಂಬ ತಲೆಬರಹದ ಬದಲು ಕೂಡಿದ ಹಣ ಎಷ್ಟು, ಅದು ಯಾರಿಗೆ ಸೇರಿತು ಎಂದು ಬರೆಯಿರಿ. ದೇಣಿಗೆ ಫಾರಂನಲ್ಲಿ, ಕೊಡುವವರ ಸಹಿಯ ಮೇಲ್ಗಡೆಯೇ, ಈ ಒಂದು ವಾಕ್ಯ ಅಚ್ಚಾಗಲಿ: ‘ಈಜು ಯಾವ ಕಾರಣಕ್ಕೆ, ಎಲ್ಲಿ ನಿಂತರೂ, ಶುರುವಾಗದೇ ಹೋದರೂ, ನಾನು ಕೊಟ್ಟ ಹಣ ಪೂರ್ತಿಯಾಗಿ ಸಲ್ಲುತ್ತದೆ.’

ಇತಿ,
ದೂರದ ಈಜಿನ ಬೆಂಗಾವಲು ದೋಣಿಗಳ ವೀಕ್ಷಕರು